ಏಳು ದಿನದ ಗೋಡೆ

ನಮ್ಮ ಮಾವ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದದ್ದು 1958ರಲ್ಲಿ. ಆಗ ಅವರಿಗೆ ಹದಿನಾಲ್ಕು ವರ್ಷ. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ಮಲಗುವುದು ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿಕೊಂಡು. ಇದು ನಮ್ಮ ಕರಾವಳಿಯ ಸಾವಿರಾರು ಮನೆಗಳ ಕಥೆ. ಊರಲ್ಲಿರುವ ನಿಮಗೆ ಇದರಲ್ಲಿ ಹೊಸತೇನೂ ಕಾಣಿಸಲಿಕ್ಕಿಲ್ಲ. ನಾನು ಹೇಳಹೊರಟದ್ದು ಅವರು ಹೊರಗೆ ಚಾ ಕೊಡಲು ಹೋಗುತ್ತಿದ್ದ ಜಾಗಗಳ ಬಗ್ಗೆ. ವಕೀಲರ ಆಫೀಸು, ಬ್ಯಾಂಕು, ಪ್ರೆಸ್ಸು ಇವುಗಳ ಜೊತೆಗೆ ಕಾಲಾ ಘೋಡಾದ ಒಂದು ದೊಡ್ಡ ಕಟ್ಟಡವೂ ಆ ಪಟ್ಟಿಯಲ್ಲಿತ್ತು. "ಅಲ್ಲಿ ಚಿತ್ರ ತೂಗ್ ಹಾಕ್ತಿದ್ರ್. ನಾವ್ ಬಾಗ್ಲ್ ಹತ್ರ ಚಾ ಕೊಟ್ಟ್ ಬಪ್ಪುದು" ಅನ್ನುತ್ತಿದ್ದರು ಮಾವ. ಒಳಗೆ ಯಾವ ಚಿತ್ರ ಇತ್ತು ಅಂತ ಕೇಳಿದರೆ ಅವರಿಗೆ ಗೊತ್ತಿರಲಿಲ್ಲ.

ಆ ಕಟ್ಟಡ ಜಹಾಂಗೀರ್ ಆರ್ಟ್ ಗ್ಯಾಲರಿ. ಅದರ ಆಸುಪಾಸಿನಲ್ಲೇ, ನಡೆದು ಹೋಗುವಷ್ಟು ದೂರದೊಳಗೆ, ಚಿತ್ರ ಮಾರುವ ಗ್ಯಾಲರಿಗಳು ಒಂದೊಂದಾಗಿ ಹುಟ್ಟಿಕೊಂಡವು. ನಮ್ಮವರು ಆ ಬೀದಿಗಳಲ್ಲಿ ನಡೆದರು, ದುಡಿದರು, ಚಾ ಕೊಟ್ಟರು. ಬಾಗಿಲು ಮಾತ್ರ ದಾಟಲಿಲ್ಲ. ಅದು ದುಡ್ಡಿದ್ದವರ ಅಂಗಡಿ, ನಮಗಲ್ಲ ಅನ್ನುವುದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿದ್ದ ಮಾತಾಗಿತ್ತು. ಈ ಊರಿಗೆ ಬಂದು ಮೂವತ್ತು ವರ್ಷ ಕಳೆದ ಮೇಲೆ ನನಗೆ ಅನಿಸುತ್ತಿರುವುದು ಬೇರೆ. ಈ ಗ್ಯಾಲರಿಗಳ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದು ನಮ್ಮ ಹೋಟೆಲುಗಳ ಚರಿತ್ರೆಗೆ ತೀರಾ ದೂರದ್ದೇನಲ್ಲ. ಎರಡೂ ಶುರುವಾದದ್ದು ಬೇರೆ ಊರಿಂದ ಬಂದವರಿಗೆ ಒಂದು ಜಾಗ ಬೇಕು ಅನ್ನುವಲ್ಲಿಂದ.

ಮುಂಬಯಿಗೆ ಬಂದವನ ಮೊದಲ ಪ್ರಶ್ನೆ ಕೆಲಸದ್ದಲ್ಲ, ಜಾಗದ್ದು. ಎಲ್ಲಿ ಮಲಗುವುದು? ಚಿತ್ರಕ್ಕೂ ಇದೇ ಪ್ರಶ್ನೆ. ಎಲ್ಲಿ ತೂಗುಹಾಕುವುದು? ಬ್ರಿಟಿಷರ ಕಾಲದಲ್ಲಿ ಇದಕ್ಕೆ ಉತ್ತರ ಬಹಳ ಕಡಿಮೆ ಇತ್ತು. ಚಿತ್ರ ಕಲಿಯಲು 1857ರಲ್ಲಿ ಶುರುವಾದ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಇತ್ತು. ತೋರಿಸಲು 1888ರಲ್ಲಿ ಹುಟ್ಟಿದ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನ ಇತ್ತು. ವರ್ಷಕ್ಕೊಮ್ಮೆ ಜಾತ್ರೆ ಇದ್ದ ಹಾಗೆ. ಜಾತ್ರೆ ಮುಗಿದ ಮೇಲೆ ಚಿತ್ರ ಮತ್ತೆ ಮಂಚದ ಕೆಳಗೆ.

ಆ ಕಾಲಕ್ಕೆ ಬಂದವರಲ್ಲಿ ನಮ್ಮವರೊಬ್ಬರಿದ್ದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರು, ಅಂದರೆ ಕೆ.ಕೆ. ಹೆಬ್ಬಾರ್. ಮುಂಬಯಿಯಲ್ಲಿ ಅವರಿಗೆ ಮೊದಲು ಆಸರೆಯಾದದ್ದೂ ಕನ್ನಡಿಗರೇ ಆದ ಜಿ.ಎಸ್. ದಂಡಾವತಿಮಠರ ನೂತನ ಕಲಾ ಮಂದಿರ. ಆಮೇಲೆ ಜೆ.ಜೆ.ಯಲ್ಲಿ ಓದು, 1940ರಿಂದ ಕೆಲವು ವರ್ಷ ಅಲ್ಲೇ ಮೇಷ್ಟರ ಕೆಲಸ, 1949ರಲ್ಲಿ ಪ್ಯಾರಿಸ್. ಚಿತ್ರದಲ್ಲಿ ಲಯ ಹಿಡಿಯಬೇಕು ಅಂತ ಕಥಕ್ ನೃತ್ಯವನ್ನೂ ಕಲಿತರು. ಊರು ಬಿಟ್ಟರೂ ನಾಗಮಂಡಲ, ಯಕ್ಷಗಾನ ಇವು ಅವರ ಗೆರೆಗಳನ್ನು ಬಿಡಲಿಲ್ಲ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. 1996ರಲ್ಲಿ ತೀರಿಕೊಳ್ಳುವ ತನಕ ಅವರು ಮುಂಬಯಿಯವರೇ. ಆದರೆ ಹೆಸರು ಬರುವ ಮೊದಲಿನ ಹೆಬ್ಬಾರರಿಗೂ ಪ್ರಶ್ನೆ ಅದೇ ಇತ್ತು: ಗೋಡೆ ಎಲ್ಲಿ?

ಗೋಡೆ ಸಿಕ್ಕಿದ್ದು ಒಂದು ಫ್ರೇಮಿನ ಅಂಗಡಿಯಲ್ಲಿ. ಕೇಕೂ ಗಾಂಧಿ ಅನ್ನುವ ಪಾರ್ಸಿ ಯುವಕ ಕೇಂಬ್ರಿಜ್‌ನಲ್ಲಿ ಓದುತ್ತಿದ್ದವರು 1939ರಲ್ಲಿ ರಜೆಗೆ ಅಂತ ಮನೆಗೆ ಬಂದರು. ಯುದ್ಧ ಶುರುವಾಯಿತು, ವಾಪಸು ಹೋಗಲಾಗಲಿಲ್ಲ. ಬೆಲ್ಜಿಯಂನ ಒಬ್ಬರ ಪರಿಚಯವಾಗಿ 1941ರಲ್ಲಿ ಚಿತ್ರಕ್ಕೆ ಹಾಕುವ ಚೌಕಟ್ಟಿನ ಪಟ್ಟಿ ತಯಾರಿಸುವ ವ್ಯಾಪಾರಕ್ಕಿಳಿದರು. 'ಕೆಮಿಕಲ್ ಮೋಲ್ಡಿಂಗ್' ಅನ್ನುವುದನ್ನು ಮೊಟಕು ಮಾಡಿ ಕೆಮೋಲ್ಡ್ ಅಂತ ಹೆಸರು. ಫ್ರೇಮು ಮಾರಬೇಕಾದರೆ ಅದರೊಳಗೆ ಏನಾದರೂ ಇರಬೇಕಲ್ಲ? ಖಾಲಿ ಚೌಕಟ್ಟು ಯಾರು ನೋಡುತ್ತಾರೆ? ಹಾಗಾಗಿ ಅಂಗಡಿಯ ಗಾಜಿನ ಹಿಂದೆ ಹೊಸ ಹುಡುಗರ ಚಿತ್ರಗಳು ಬಂದವು. ಹುಸೇನ್, ಆರಾ, ರಝಾ, ನಮ್ಮ ಹೆಬ್ಬಾರ್. ದೊಡ್ಡ ಕಲಾಸಿದ್ಧಾಂತದಿಂದ ಶುರುವಾದದ್ದಲ್ಲ ಇದು. ಮರದ ಪಟ್ಟಿ ಮಾರುವ ಅಂಗಡಿಯಿಂದ ಶುರುವಾದದ್ದು.

1947ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದ ಆರು ಜನರನ್ನು ನೋಡಿ. ಸೋಜಾ ಗೋವೆಯವರು. ರಝಾ ಮಧ್ಯಪ್ರಾಂತದ ಕಾಡಿನ ಕಡೆಯವರು. ಹುಸೇನ್ ಇಂದೋರಿನಿಂದ ಬಂದು ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದವರು. ಆರಾ ಹೈದರಾಬಾದಿನ ಕಡೆಯಿಂದ ಬಂದು ಮನೆಗೆಲಸ ಮಾಡಿ, ಕಾರು ಒರೆಸಿ ಬದುಕಿದವರು. ಇವರ ಜೊತೆಗೆ ಗಾಡೆ, ಬಾಕ್ರೆ. ಇವರನ್ನು ಬೆನ್ನು ತಟ್ಟಿದವರೂ ಪರದೇಶಿಗಳೇ. ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಬಂದಿದ್ದ ಲಾಂಗ್‌ಹ್ಯಾಮರ್, ಫಾನ್ ಲೇಡನ್, ಶ್ಲೆಸಿಂಗರ್. ಒಬ್ಬರು ಪತ್ರಿಕೆಯ ಕಲಾ ನಿರ್ದೇಶಕರು, ಇನ್ನೊಬ್ಬರು ವಿಮರ್ಶಕರು, ಮತ್ತೊಬ್ಬರು ಚಿತ್ರ ಕೊಳ್ಳುವವರು. ಹೆಬ್ಬಾರರು ಈ ಗುಂಪಿಗೆ ಸೇರಿದವರಲ್ಲ, ಆದರೆ ಅದೇ ಕಾಲದ, ಅದೇ ಬೀದಿಗಳ ಓರಗೆಯವರು. ಊರು ಬಿಟ್ಟವರ ಚಿತ್ರವನ್ನು ದೇಶ ಬಿಟ್ಟವರು ಮೊದಲು ಕಂಡರು ಅಂತ ಹೇಳಿದರೆ ತಪ್ಪಾಗಲಿಕ್ಕಿಲ್ಲ.

ಆದರೂ ಹೊಟ್ಟೆ ತುಂಬುವಷ್ಟು ವ್ಯಾಪಾರ ಎಲ್ಲಿತ್ತು? ಸೋಜಾ 1949ರಲ್ಲಿ ಲಂಡನ್ನಿಗೆ ಹೋದರು, ರಝಾ ಮರುವರ್ಷ ಪ್ಯಾರಿಸ್ಸಿಗೆ. ಇಲ್ಲಿ ಉಳಿದವರಿಗೆ ಕೊಳ್ಳುವವರು ಬೆರಳೆಣಿಕೆ. ಕೆಲವು ಪಾರ್ಸಿ ಮನೆಗಳು, ವಿದೇಶಿ ಕಂಪೆನಿಗಳ ಸಾಹೇಬರು, ಜಗತ್ತಿನಾದ್ಯಂತ ತನ್ನ ಆಫೀಸುಗಳಿಗೆ ಚಿತ್ರ ಬೇಕಾಗಿದ್ದ ಏರ್ ಇಂಡಿಯಾ, ಮತ್ತೆ ಟಿ.ಐ.ಎಫ್.ಆರ್. ವಿಜ್ಞಾನ ಸಂಸ್ಥೆಗೆ ತಾವೇ ನಿಂತು ಚಿತ್ರ ಆರಿಸುತ್ತಿದ್ದ ಹೋಮಿ ಭಾಭಾ. ಅಷ್ಟೇ.

1952ರಲ್ಲಿ ಜಹಾಂಗೀರ್ ಗ್ಯಾಲರಿ ಬಾಗಿಲು ತೆರೆಯಿತು. ಸರ್ ಕಾವಸ್‌ಜಿ ಜಹಾಂಗೀರರು ತೀರಿಹೋದ ಮಗನ ನೆನಪಿಗೆ ಕೊಟ್ಟ ದಾನದಿಂದ ಎದ್ದ ಕಟ್ಟಡ ಅದು. ವಾಸ್ತುಶಿಲ್ಪಿ ದುರ್ಗಾ ಬಾಜಪೇಯಿ. ಎದುರಿನ ವೃತ್ತದಲ್ಲಿ ಕಪ್ಪು ಕುದುರೆಯ ಮೇಲೆ ಏಳನೆಯ ಎಡ್ವರ್ಡ್ ದೊರೆ ಕೂತಿದ್ದ. 1965ರಲ್ಲಿ ಅವನನ್ನು ಕುದುರೆ ಸಮೇತ ಎಬ್ಬಿಸಿ ಭಾಯಖಳಾದ ರಾಣಿ ಬಾಗಿಗೆ ಸಾಗಿಸಿದರು. ಹೆಸರು ಮಾತ್ರ ಕಾಲಾ ಘೋಡಾ ಅಂತಲೇ ಉಳಿಯಿತು. 2017ರಲ್ಲಿ ಹೊಸದೊಂದು ಕಪ್ಪು ಕುದುರೆ ತಂದು ನಿಲ್ಲಿಸಿದ್ದಾರೆ. ಈ ಸಲ ಬೆನ್ನ ಮೇಲೆ ದೊರೆ ಇಲ್ಲ.

ಜಹಾಂಗೀರ್ ವ್ಯಾಪಾರಿ ಗ್ಯಾಲರಿ ಅಲ್ಲ, ಟ್ರಸ್ಟಿನದು. ಅಲ್ಲಿ ಗೋಡೆ ವಾರದ ಬಾಡಿಗೆಗೆ. ಅರ್ಜಿ ಹಾಕಬೇಕು, ಆಯ್ಕೆಯಾಗಬೇಕು, ಆಮೇಲೆ ವರ್ಷಗಟ್ಟಲೆ ಕಾಯಬೇಕು. ಮಂಗಳವಾರ ಶುರು, ಸೋಮವಾರ ಮುಕ್ತಾಯ. ಮರುದಿನ ಅದೇ ಮೊಳೆಗೆ ಇನ್ನೊಬ್ಬರ ಚಿತ್ರ. ಇದರ ಬಿಸಿ ಏನು ಅಂತ ನಾನು ಕಣ್ಣಾರೆ ಕಂಡದ್ದು 1998ರಲ್ಲಿ. ಉತ್ತರ ಕರ್ನಾಟಕದ ಒಬ್ಬ ಡ್ರಾಯಿಂಗ್ ಮೇಷ್ಟರು, ಸ್ನೇಹಿತರ ಸ್ನೇಹಿತರು, ಪ್ರದರ್ಶನಕ್ಕೆ ಅಂತ ಬಂದು ನಮ್ಮ ಡೊಂಬಿವಲಿಯ ಒಂದೇ ಕೋಣೆಯ ಮನೆಯಲ್ಲಿ ಹತ್ತು ದಿನ ಇದ್ದರು. ಇಪ್ಪತ್ತೆರಡು ಚಿತ್ರಗಳು ಹಳೆ ಚಾದರದಲ್ಲಿ ಸುತ್ತಿಕೊಂಡು ರೈಲಿನಲ್ಲಿ ಬಂದಿದ್ದವು. ಮನೆಯಲ್ಲಿ ಜಾಗ ಇಲ್ಲದೆ ಅವು ಎರಡು ರಾತ್ರಿ ನಮ್ಮ ಪಡಸಾಲೆಯಲ್ಲಿ ಮಲಗಿದವು. ನಾವು ಅವುಗಳನ್ನು ದಾಟಿಕೊಂಡು ನಲ್ಲಿಗೆ ಹೋದೆವು. ಬಾಡಿಗೆ, ಫ್ರೇಮು, ಆಮಂತ್ರಣ ಪತ್ರ, ಎಲ್ಲಕ್ಕೂ ಸೊಸೈಟಿ ಸಾಲ. ಚಿತ್ರ ಮಾರಿದರೆ ಅದರ ಪಕ್ಕ ಒಂದು ಕೆಂಪು ಚುಕ್ಕೆ ಅಂಟಿಸುವುದು ಗ್ಯಾಲರಿಗಳ ಪದ್ಧತಿ. ನಾನು ದಿನಾ ಆಫೀಸು ಬಿಟ್ಟ ಮೇಲೆ ಹೋಗಿ ಮೊದಲು ನೋಡುತ್ತಿದ್ದದ್ದು ಚಿತ್ರವನ್ನಲ್ಲ, ಚುಕ್ಕೆಯನ್ನು. ಶನಿವಾರದ ತನಕ ಒಂದೂ ಇಲ್ಲ. ಭಾನುವಾರ ಒಂದು ಸಣ್ಣ ಚಿತ್ರಕ್ಕೆ ಬಿತ್ತು.

ಸೋಮವಾರ ಸಂಜೆ ಇಳಿಸುವಾಗ ನಾನು ಏನೋ ಸಮಾಧಾನ ಹೇಳಲು ಹೋದೆ. ಅವರು ಮೊಳೆ ಕೀಳುತ್ತಾ, "ಇರ್ಲಿ ಬಿಡ್ರಿ. ಏಳು ದಿನ ಈ ಗ್ವಾಡಿ ನಮ್ದಾಗಿತ್ತಲ್ರಿ" ಅಂದರು. ಆ ಮಾತಿನಲ್ಲಿ ಖುಷಿ ಎಷ್ಟು, ನೋವು ಎಷ್ಟು ಅಂತ ನನಗೆ ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಸಾಲ ತೀರಿಸಲು ಅವರಿಗೆ ಮೂರು ವರ್ಷ ಹಿಡಿಯಿತು. ಆದರೆ ಅವರ ಬೈಠಕ್ ಕೋಣೆಯಲ್ಲಿ ಆ ಆಮಂತ್ರಣ ಪತ್ರವನ್ನು ಫ್ರೇಮು ಹಾಕಿಸಿ ಇಟ್ಟಿದ್ದಾರೆ.

ಬಾಡಿಗೆ ಗೋಡೆಯಲ್ಲಿ ನಷ್ಟವೆಲ್ಲ ಚಿತ್ರಕಾರನದೇ. ಇದನ್ನು ಕಂಡ ಮೇಲೆ ನನಗೆ ವ್ಯಾಪಾರಿ ಗ್ಯಾಲರಿ ಅಂದರೆ ಏನು ಅಂತ ಅರ್ಥವಾಯಿತು. ಅಲ್ಲಿ ಚಿತ್ರಕಾರ ಬಾಡಿಗೆ ಕೊಡುವುದಿಲ್ಲ. ಗ್ಯಾಲರಿಯವರೇ ಇವನ ಚಿತ್ರ ಇವತ್ತಲ್ಲ ನಾಳೆ ನಿಲ್ಲುತ್ತದೆ ಅಂತ ನಂಬಿ ಜಾಗ ಕೊಡುತ್ತಾರೆ, ಕ್ಯಾಟಲಾಗು ಅಚ್ಚು ಹಾಕಿಸುತ್ತಾರೆ, ಗಿರಾಕಿಗಳಿಗೆ ಹೇಳುತ್ತಾರೆ. ಮಾರಿದರೆ ಮೂರನೆಯ ಒಂದು ಪಾಲೋ ಅರ್ಧವೋ ಅವರಿಗೆ. ಮಾರದಿದ್ದರೆ ಖರ್ಚು ಅವರ ತಲೆಗೆ. ಇದು ಧರ್ಮ ಅಲ್ಲ, ವ್ಯಾಪಾರವೇ. ಆದರೆ ಉದ್ದರಿ ಕೊಡುವ ವ್ಯಾಪಾರ. ಕೆಲಸ ಸಿಗುವ ತನಕ ಲೆಕ್ಕ ಬರೆದುಕೊಂಡು ಊಟ ಹಾಕುತ್ತಿದ್ದ ನಮ್ಮ ಹೋಟೆಲ್ ಧಣಿಗಳ ಹಾಗೆ.

ಮುಂಬಯಿಯಲ್ಲಿ ಇಂಥ ಖಾಸಗಿ ಪ್ರಯತ್ನಕ್ಕೆ ಮೊದಲು ಕೈಹಾಕಿದವರಲ್ಲಿ ಒಬ್ಬರು ಬಾಲ್ ಛಾಬ್ಡಾ. 1959ರಲ್ಲಿ ಭೂಲಾಭಾಯಿ ದೇಸಾಯಿ ಇನ್‌ಸ್ಟಿಟ್ಯೂಟಿನಲ್ಲಿ ಅವರು ತೆರೆದ ಗ್ಯಾಲರಿಯ ಹೆಸರೇ ಗ್ಯಾಲರಿ 59. ಅದು ಬಹಳ ದಿನ ನಡೆಯಲಿಲ್ಲ. ಗಟ್ಟಿಯಾಗಿ ನೆಲೆ ನಿಂತದ್ದು 1963ರಲ್ಲಿ ಹುಟ್ಟಿದ ಎರಡು. ಫ್ಲೋರಾ ಫೌಂಟನ್ ಹತ್ತಿರ ಕಾಲಿ ಪಂಡೋಲರ ಪಂಡೋಲ್ ಆರ್ಟ್ ಗ್ಯಾಲರಿ, ಜಹಾಂಗೀರಿನ ಮೊದಲ ಮಹಡಿಯಲ್ಲಿ ಕೇಕೂ ಮತ್ತು ಖೋರ್ಷೆದ್ ಗಾಂಧಿ ದಂಪತಿಯ ಗ್ಯಾಲರಿ ಕೆಮೋಲ್ಡ್. ಪಂಡೋಲರ ಮನೆತನದ್ದೂ ಮೊದಲಿಗೆ ಫ್ರೇಮಿನ ಕಸುಬೇ. ಮರುವರ್ಷ, 1964ರಲ್ಲಿ, ಜಹಾಂಗೀರಿನ ನೆಲಮಹಡಿಯಲ್ಲಿ ಉಷಾ ಖನ್ನಾ ಅವರ ಸಮೋವಾರ್ ಬಂತು. ರೈಲು ಬೋಗಿಯಷ್ಟು ಉದ್ದನೆ, ಸಪೂರ ಜಾಗ. ಕಿಟಕಿಯಾಚೆ ಮ್ಯೂಸಿಯಮ್ಮಿನ ಹಸಿರು. ಒಂದು ಚಾ ತಗೊಂಡು ಚಿತ್ರಕಾರರು ಮಧ್ಯಾಹ್ನವಿಡೀ ಕೂರುತ್ತಿದ್ದರಂತೆ. ನಮ್ಮ ಮಾವ ಹೇಳುವ ಪ್ರಕಾರ ಅದು ಬಂದ ಮೇಲೆ ಆ ಕಟ್ಟಡಕ್ಕೆ ಹೋಗುವ ಚಾ ಕಡಿಮೆಯಾಯಿತು. 2015ರ ಮಾರ್ಚ್ 31ಕ್ಕೆ ಸಮೋವಾರೂ ಮುಚ್ಚಿತು.

ಉದ್ದರಿ ವಿಶ್ವಾಸ ಎಷ್ಟು ದೂರ ಹೋಗುತ್ತಿತ್ತು ಅನ್ನುವುದಕ್ಕೆ ಎರಡು ಉದಾಹರಣೆ ಹೇಳುತ್ತೇನೆ. 1975ರಲ್ಲಿ ಕೆಮೋಲ್ಡ್ ತನ್ನ ಸಣ್ಣ ಕೋಣೆಯಲ್ಲಿ ಜಿವ್ಯಾ ಸೋಮಾ ಮಾಶೆ ಅನ್ನುವ ವಾರ್ಲಿ ಆದಿವಾಸಿಯ ಚಿತ್ರಗಳನ್ನು ತೂಗುಹಾಕಿತು. ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನಲ್ಲಿ ಬರೆಯುವವರ ಕೈ ಶಹರದ ಗೋಡೆಗೆ ಬಂತು. ಮುಂದೆ ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಸೆಗಣಿಯಿಂದ ಕೃತಿ ಮಾಡಲು ತೊಡಗಿದರು. 1992ರ ಡಿಸೆಂಬರಿನ ನಂತರದ ಹಿಂಸೆ ಕಂಡ ಮೇಲೆ ಬಣ್ಣ ಸಾಲದು ಅನಿಸಿದ ಕಾಲ ಅದು. ಅಂಗಳ ಸಾರಿಸುವ ಸೆಗಣಿಯನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಆದರೂ 1990ರ ದಶಕದಲ್ಲಿ ಅವರ ಪ್ರದರ್ಶನ ಕೆಮೋಲ್ಡಿನಲ್ಲಿ ನಡೆಯಿತು. ಅತುಲ್ ದೋಡಿಯಾ ಅವರ ಮೊದಲ ಪ್ರದರ್ಶನ 1989ರಲ್ಲಿ, ಜಿತೀಶ್ ಕಲ್ಲಾಟ್ ಅವರದು 1997ರಲ್ಲಿ, ಎರಡೂ ಅಲ್ಲೇ. ಇವರೆಲ್ಲ ಇವತ್ತು ಜಗತ್ತು ಬಲ್ಲ ಹೆಸರುಗಳು. ಅವತ್ತು ಹಾಗಿರಲಿಲ್ಲ ಅನ್ನುವುದೇ ಇಲ್ಲಿಯ ಮಾತು.

ಆಮೇಲೆ ದುಡ್ಡು ಬಂತು. 2000ದಲ್ಲಿ ಸ್ಯಾಫ್ರನ್‌ಆರ್ಟ್ ಇಂಟರ್‌ನೆಟ್ಟಿನಲ್ಲಿ ಹರಾಜು ಶುರುಮಾಡಿತು. 2005ರಲ್ಲಿ ತೈಯಬ್ ಮೆಹ್ತಾ ಅವರ 'ಮಹಿಷಾಸುರ' ನ್ಯೂಯಾರ್ಕಿನ ಹರಾಜಿನಲ್ಲಿ ಹತ್ತು ಲಕ್ಷ ಡಾಲರಿನ ಗಡಿ ದಾಟಿದಾಗ ನಮ್ಮ ಲೋಕಲ್ ರೈಲಿನಲ್ಲೂ ಅದೇ ಮಾತು. ಶೇರು ಕೊಳ್ಳುವ ಹಾಗೆ ಚಿತ್ರ ಕೊಳ್ಳಿ ಅನ್ನುವವರು ಹುಟ್ಟಿಕೊಂಡರು. ಹರಾಜಿನಲ್ಲಿ ಹಳೆ ಚಿತ್ರ ಕೈಬದಲಾದಾಗ ಆ ಲಾಭ ಮಾರಿದ ಮಾಲೀಕನಿಗೆ, ಬರೆದವನಿಗಲ್ಲ ಅನ್ನುವುದು ಎಷ್ಟು ಜನಕ್ಕೆ ಗೊತ್ತಿತ್ತೋ. ಕೊಲಾಬಾದ ಹಳೆ ಗೋದಾಮು, ಪ್ರೆಸ್ಸುಗಳಿದ್ದ ಕಟ್ಟಡಗಳಿಗೆ ಗ್ಯಾಲರಿಗಳು ಬಂದವು. 2006ರಲ್ಲಿ ಶುರುವಾದ ಪ್ರಾಜೆಕ್ಟ್ 88 ಇರುವುದು ಹಿಂದೆ ಮುದ್ರಣಾಲಯವಾಗಿದ್ದ ಜಾಗದಲ್ಲಿ. 2007ರಲ್ಲಿ ಕೆಮೋಲ್ಡ್ ಜಹಾಂಗೀರಿನ ಮಹಡಿ ಬಿಟ್ಟು ಪ್ರೆಸ್ಕಾಟ್ ರೋಡಿನ ದೊಡ್ಡ ಜಾಗಕ್ಕೆ ಹೋಯಿತು. 2008ರ ಕುಸಿತದಲ್ಲಿ ಶೇರಿನ ಹಾಗೆ ಕೊಂಡವರು ಶೇರಿನ ಹಾಗೇ ಓಡಿಹೋದರು. ಪಂಡೋಲ್ 2010ರ ದಶಕದಲ್ಲಿ ಹರಾಜಿನ ಮನೆಯಾಯಿತು. ಉಳಿದವರು 2012ರಿಂದ ಎಲ್ಲ ಗ್ಯಾಲರಿಗಳೂ ಸೇರಿ ವರ್ಷಕ್ಕೊಮ್ಮೆ ಒಟ್ಟಿಗೆ ಬಾಗಿಲು ತೆರೆಯುವ ಗ್ಯಾಲರಿ ವೀಕೆಂಡ್ ಶುರುಮಾಡಿದರು. 2023ರ ನವೆಂಬರಿನಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಆರ್ಟ್ ಮುಂಬಯಿ ಅನ್ನುವ ದೊಡ್ಡ ಸಂತೆಯೂ ನೆರೆಯಿತು.

2025ರ ಮಾರ್ಚಿನಲ್ಲಿ ಹುಸೇನರ 'ಗ್ರಾಮ ಯಾತ್ರಾ' ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಆಗಿನ ಮಟ್ಟಿಗೆ ಅದು ದಾಖಲೆ. ಆ ಚಿತ್ರವನ್ನು 1954ರಲ್ಲಿ ಒಬ್ಬ ಪರದೇಶಿ ಡಾಕ್ಟರು ಕೊಂಡುಕೊಂಡು ನಾರ್ವೆಗೆ ಒಯ್ದಿದ್ದರು. ಓಸ್ಲೋದ ಒಂದು ಆಸ್ಪತ್ರೆಯ ಗೋಡೆ ಮೇಲೆ ಅದು ಹತ್ತಾರು ವರ್ಷ ಇತ್ತು. ರೋಗಿಗಳು, ನರ್ಸುಗಳು ಅದರ ಮುಂದೆ ಓಡಾಡಿರಬೇಕು. ನೂರ ಹದಿನೆಂಟು ಕೋಟಿ ಅನ್ನುವ ಅಂಕಿಗಿಂತ ನನಗೆ ಈ ಆಸ್ಪತ್ರೆಯ ಗೋಡೆಯೇ ಹೆಚ್ಚು ನೆನಪಿರುತ್ತದೆ.

ಈ ಅಂಕಿಗಳೇ ನಮ್ಮನ್ನು ಹೆದರಿಸುವುದು. ನಾನೂ ಹೆದರಿದವನೇ. ಜಹಾಂಗೀರಿಗೆ ಮೊದಲ ಸಲ ಹೋದದ್ದು ಮಳೆಯಿಂದ ತಪ್ಪಿಸಿಕೊಳ್ಳಲು, ಕೊಡೆಯಿಂದ ನೀರು ಸುರಿಸುತ್ತಾ. ಖಾಸಗಿ ಗ್ಯಾಲರಿಗಳ ಗಾಜಿನ ಬಾಗಿಲು ದೂಡಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಒಳಗೆ ಹೋದರೆ ಮೌನ, ತಂಪು, ಬಿಳಿ ಗೋಡೆ, ಮೇಜಿನ ಹಿಂದೆ ತಲೆ ತಗ್ಗಿಸಿ ಏನೋ ಓದುತ್ತಿರುವ ಒಬ್ಬ ಹುಡುಗಿ. ಯಾರು ನೀನು, ಕೊಳ್ಳುತ್ತೀಯಾ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. ಆಕೆ ತಲೆ ಎತ್ತಿ, ಒಂದು ಹಾಳೆ ಕೈಗೆ ಕೊಟ್ಟು, ಮತ್ತೆ ಓದತೊಡಗಿದಳು. ಟಿಕೆಟ್ಟಿಲ್ಲ. ಕೊಳ್ಳಬೇಕೆಂಬ ಒತ್ತಾಯವಿಲ್ಲ. ಎಷ್ಟು ಹೊತ್ತಾದರೂ ನಿಲ್ಲಬಹುದು. ಮುಂಬಯಿಯಲ್ಲಿ ಪುಕ್ಕಟೆಯಾಗಿ ನಿಲ್ಲಲು ಬಿಡುವ ಜಾಗ ಇನ್ನೆಲ್ಲಿದೆ?

ಕಂಡದ್ದೆಲ್ಲ ಅರ್ಥವಾಯಿತು ಅಂತ ಸುಳ್ಳು ಹೇಳಲಾರೆ. ಕಬ್ಬಿಣದ ರಾಶಿ, ದಾರದ ಉಂಡೆ, ಕತ್ತಲ ಕೋಣೆಯ ವಿಡಿಯೋ, ಹಲವು ಸಲ ಖಾಲಿ ಕೈಯಲ್ಲಿ ಬಂದಿದ್ದೇನೆ. ಕೆಲವು ಚಿತ್ರ ಮಾತ್ರ ಮನೆಯ ತನಕ ಜೊತೆಗೆ ಬರುತ್ತವೆ. ಥಾಣೆಯಲ್ಲಿ ಎಕ್ಸ್‌ರೇ ಡಾಕ್ಟರಾಗಿದ್ದುಕೊಂಡೇ ಚಿತ್ರ ಬರೆದ ಸುಧೀರ್ ಪಟವರ್ಧನರ ಚಿತ್ರಗಳು ನನಗೆ ಅಂಥವು. ಇರಾನಿ ಹೋಟೆಲು, ರೈಲು ಸೇತುವೆ, ಕೆಲಸ ಮುಗಿಸಿ ಹೊರಟ ಜನ.

2019ರ ಕೊನೆಗೆ ದಿ ಗಿಲ್ಡ್ ಗ್ಯಾಲರಿಯ ಸಹಯೋಗದಲ್ಲಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ಜಹಾಂಗೀರಿನ ಸಮೀಪದಲ್ಲೇ ಇರುವ ಎನ್.ಜಿ.ಎಂ.ಎ.ಯಲ್ಲಿ ಆಯಿತು. ಮಾವನನ್ನು ಕರೆದುಕೊಂಡು ಹೋದೆ. ಆಗ ಅವರಿಗೆ ಎಪ್ಪತ್ತೈದು. ಬಾಗಿಲಲ್ಲಿ ಅವರ ಕಾಲು ತಾನಾಗಿ ನಿಂತಿತು. "ನಾವ್ ಒಳ್ಗ್ ಹೋಪುಕೆ ಆತ್ತಾ?" ಅಂತ ಕೇಳಿದರು. ಅರವತ್ತು ವರ್ಷದ ಅಭ್ಯಾಸ. ಒಳಗೆ ಹೋಗಿ, ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಹಳಿ, ಸೇತುವೆ, ಮುಖಗಳು. ಕೊನೆಗೆ ಮೆಲ್ಲ ಹೇಳಿದರು: "ಇದ್ ನಮ್ದೇ ಜನ ಅಲ್ದಾ ಮರಾಯ." ಮತ್ತೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ರಸ್ತೆಯಾಚೆ ಕೈ ತೋರಿಸಿ, ಚಾ ಕೆಟಲು ಹಿಡಿದುಕೊಂಡು ಯಾವ ಗಲ್ಲಿಯಿಂದ ಬರುತ್ತಿದ್ದೆ ಅಂತ ವಿವರಿಸಿದರು. ಒಳಗೆ ಇಣುಕಿ ನೋಡಬಹುದಿತ್ತು, ಯಾರೂ ಬೇಡ ಅಂದಿರಲಿಲ್ಲ ಅನ್ನುವುದು ಮಾತ್ರ ಅವರನ್ನು ಆ ಸಂಜೆಯಿಡೀ ಕಾಡಿತು. ಅವರು ಚಾ ಕೊಡುತ್ತಿದ್ದ ಆ ವರ್ಷಗಳಲ್ಲೇ ಕಟ್ಟಿಂಗೇರಿಯ ಹೆಬ್ಬಾರರೂ ಇದೇ ಬೀದಿಗಳಲ್ಲಿ ಓಡಾಡುತ್ತಿದ್ದರು ಅಂತ ನಾನು ಹೇಳಿದಾಗ, ಸುಮ್ಮನಾದರು.

ಮಾವ ಈಗಿಲ್ಲ. ನೀವು ಮುಂಬಯಿಗೆ ಬಂದರೆ ಸಿದ್ಧಿವಿನಾಯಕ, ಗೇಟ್‌ವೇ, ಮಾಟುಂಗಾದ ಊಟ ಎಲ್ಲ ಆಗಲಿ. ಆಮೇಲೆ ಚರ್ಚ್‌ಗೇಟಿನಲ್ಲಿ ಇಳಿದು ಕಾಲಾ ಘೋಡಾದ ತನಕ ನಡೆದು ಬನ್ನಿ. ಜಹಾಂಗೀರಿನ ಪಕ್ಕದ ಫುಟ್‌ಪಾತಿನಲ್ಲೂ ಚಿತ್ರಕಾರರು ಕೂತಿರುತ್ತಾರೆ, ಅವರನ್ನೂ ಮಾತಾಡಿಸಿ. ಒಳಗಿನ ಗೋಡೆಯ ಮೇಲೆ ಆ ವಾರ ಯಾರದೋ ಚಿತ್ರ ಇರುತ್ತದೆ. ಬೀದರದವರೋ ಬೆಳಗಾವಿಯವರೋ ಆಗಿದ್ದರೂ ಆಶ್ಚರ್ಯವಿಲ್ಲ. ಸೋಮವಾರದೊಳಗೆ ಹೋಗಿ.